ಕೈಯಿಂದ ಕೈಗೆ ಕೊಡದ ಕಬ್ಬಿಣ

ಇಂಡಿ ರೋಡ್

ರಷ್ಯಾಕ್ಕೆ ಹೋಗಿ ಬಂದವನೆಂದು ನನ್ನನ್ನು ಈಗ ಇಂಡಿ, ಸಿಂದಗಿಯ ಸಾಲೆಗಳಿಗೆ ಕರೆದು ಮಾತನಾಡಿಸುತ್ತಾರೆ. ಎಲ್ಲರೂ ಕೇಳುವುದು ಅದನ್ನೇ: ಚಳಿ ಎಷ್ಟಿತ್ತು, ಊಟಕ್ಕೆ ಏನು ಮಾಡಿದಿರಿ, ರಾಕೆಟ್ ನೋಡಿದಿರಾ. ರಾಕೆಟ್ ನೋಡಲಿಲ್ಲ. ನಾನು ನೋಡಿದ್ದು ಒಂದು ದೆವ್ವದ ಸಿನಿಮಾ, ಅದರೊಳಗಿನ ಬಂದೂಕು, ಕತ್ತಿ, ಕೊಡಲಿಗಳು. ಹತ್ತು ತಿಂಗಳು ಆ ದೇಶದಲ್ಲಿದ್ದು ಬಂದೆ. ನನಗೆ ಬೇಕಾಗಿದ್ದುದು ಸಿಕ್ಕಿದ್ದು ಆ ಸಿನಿಮಾದಲ್ಲಿ.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವ ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಪುಕ್ಕಟೆ ಸಿಗಲಿಲ್ಲ. ಬಸವನ ಬಾಗೇವಾಡಿಯ ಉಚಿತ ವಸತಿಯಲ್ಲಿ ಉಂಡು ಮ್ಯಾಟ್ರಿಕ್ ಮಾಡಿದೆ, ಬಿಜಾಪುರದಲ್ಲಿ ಬಿ.ಎಸ್ಸಿ. ಮಾಡಿದೆ, ಇಂಡಿಯಲ್ಲಿ ಎರಡು ವರ್ಷ ಮಾಸ್ತರಿಕೆ ಮಾಡಿ ಪುಣೆಗೆ ಹೋಗಿ ಲೋಹಶಾಸ್ತ್ರ ಓದಿದೆ. ಸರಕಾರಿ ಉಕ್ಕಿನ ಕಾರಖಾನೆಯಲ್ಲಿ ನೌಕರಿ ಸಿಕ್ಕಿತು. ಅಲ್ಲಿಂದ ತರಬೇತಿಗೆಂದು ಲೆನಿನ್‌ಗ್ರಾಡಿಗೆ ಕಳಿಸಿದರು.

ಲೋಹವನ್ನೇ ಯಾಕೆ ಓದಿದೆ ಎಂಬುದನ್ನು ಮೊದಲು ಹೇಳಬೇಕು. ಅಪ್ಪ ಮೋನಪ್ಪ ಮುದ್ದೇಬಿಹಾಳ ತಾಲ್ಲೂಕಿನ ಮೂಡಣ ಅಂಚಿನ ಒಂದು ಹಳ್ಳಿಯ ಕಂಬಾರ. ಎರಡು ಹರದಾರಿ ನಡೆದರೆ ಆಗ ನಿಜಾಮರ ಸೀಮೆ. ಗಡಿಯಾಚೆ ಗಲಾಟೆ ಎದ್ದ ವರ್ಷ ಊರ ಕಾವಲಿಗೆಂದು ಹಿರಿಯರು ಅಪ್ಪನಿಂದ ಒಂದು ಬಂದೂಕು ಮಾಡಿಸಿದರು. ನಳಿಕೆಯ ಬಾಯಿಯಿಂದಲೇ ಮದ್ದು, ಸೀಸದ ಚರೆ ಹಾಕಿ ಸಲಾಕೆಯಿಂದ ಗಟ್ಟಿಸುವ ಬಂದೂಕು. ಅದರ ನಳಿಕೆ ಮಾಡಲು ಅಪ್ಪ ಕಬ್ಬಿಣದ ಪಟ್ಟಿಯೊಂದನ್ನು ಸರಳಿಗೆ ಸುರುಳಿ ಸುತ್ತಿ, ಕಾಯಿಸಿ ಬೆಸೆದಿದ್ದ. ಮೊದಲ ಸಲ ಹಾರಿಸಲು ಆರಿಸಿದ್ದು ಅಪ್ಪನ ಗೆಳೆಯ, ಹತ್ತಿ ಹಿಂಜುವ ಹುಸೇನಸಾಬನನ್ನು. ಅವನ ಕೈ ನಡುಗುವುದಿಲ್ಲ ಎಂದು. ಊರ ಹೆಬ್ಬಾಗಿಲಾದ ಅಗಸಿಯ ಮುಂದೆ, ಹಾಡಹಗಲು, ಎಲ್ಲರೂ ನೋಡುತ್ತಿದ್ದಂತೆ ನಳಿಕೆ ಸಿಡಿಯಿತು. ಅದು ಭಾರವೆಂದು ಅವನು ಎಡಗೈಯನ್ನು ತುದಿಯವರೆಗೂ ಚಾಚಿ ಹಿಡಿದಿದ್ದ. ಆ ಕೈಯ ಮೂರು ಬೆರಳು ಹೋದವು.

ಬೆಸುಗೆ ಬಿಟ್ಟಿತು ಎಂದಿತು ಊರು. ಅಪ್ಪ ಎದುರಾಡಲಿಲ್ಲ. ಒಡೆದ ನಳಿಕೆಯನ್ನು ಗೋಣಿತಟ್ಟಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಅಂದಿನಿಂದ ಅವನು ಬೆಸುಗೆಯ ಕೆಲಸವನ್ನೇ ಬಿಟ್ಟ. ಕುಡಗೋಲು ಹರಿತ ಮಾಡುತ್ತಿದ್ದ, ನೇಗಿಲ ಕುಳ ಚೂಪು ಮಾಡುತ್ತಿದ್ದ, ಅಷ್ಟೇ. ಗಾಲಿಯ ಪಟ್ಟಿ ಬೆಸೆಸಲು ಜನ ಬೇರೆ ಊರಿಗೆ ಹೋದರು. ಒಡಕು ಬೆಸುಗೆಯ ಮೋನಪ್ಪ ಎಂಬ ಹೆಸರು ಬಂತು, ಆ ಹೆಸರು ಬಾಗೇವಾಡಿಯವರೆಗೂ ನನ್ನ ಹಿಂದೆ ನಡೆದು ಬಂತು. ಹಿಂಜುವ ಕೆಲಸ ಕೈಬಿಟ್ಟ ಹುಸೇನಸಾಬ ಮರುವರ್ಷ ತಾನಾಗಿಯೇ ಕುಲುಮೆಗೆ ಬಂದು ಬಲಗೈಯಿಂದ ತಿದಿ ಒತ್ತತೊಡಗಿದ. ಇಬ್ಬರೂ ದಿನವಿಡೀ ಒಂದೇ ಬೆಂಕಿಯ ಮುಂದೆ ಕೂರುತ್ತಿದ್ದರು. ಆ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ.

ಅಪ್ಪನ ಬೆಸುಗೆ ಯಾಕೆ ಬಿಟ್ಟಿತು ಎಂದು ತಿಳಿಯಲು ನಾನು ಲೋಹ ಓದಿದೆ. ಓದಿ ಮುಗಿಸಿದ ಮೇಲೆ ಅಟ್ಟ ಹತ್ತುವ ಧೈರ್ಯವಾಗಲಿಲ್ಲ. ಈಗ ನೋಡಿದರೆ ನನಗೆ ತಿಳಿದುಬಿಡುತ್ತದೆ. ತಿಳಿದದ್ದನ್ನು ಅಪ್ಪನಿಗೆ ಹೇಳಬೇಕಾಗುತ್ತದೆ.

ನನ್ನ ಹೆಂಡತಿಯ ತವರು ಇಂಡಿ. ಹಾಗಾಗಿ ಇಂಡಿ ರೋಡ್ ಸ್ಟೇಷನ್ನಿನಿಂದಲೇ ಗಾಡಿ ಹತ್ತಿದೆ. ಹಳ್ಳಿಯಿಂದ ಅಪ್ಪ, ಹುಸೇನಸಾಬ ಇಬ್ಬರೂ ಬಸ್ಸು ಬದಲಿಸುತ್ತಾ ಬಂದಿದ್ದರು.

"ಅಲ್ಲೆ ಹೆಣ್ಮಕ್ಕಳು ಟ್ರಾಕ್ಟರ್ ಹೊಡಿತಾರಂತಲ್ಲೋ ವಿರುಪಣ್ಣ?" ಅಂದ ಹುಸೇನಸಾಬ.

"ಹೌದ್ರಿ ಕಾಕಾ, ಹಂಗಂತಾರ."

"ಹಂಗಾರ ಗಂಡಸರು ಏನ್ ಮಾಡ್ತಾರ?"

"ನೋಡಿ ಬಂದು ಹೇಳ್ತೇನಿ."

ಅಪ್ಪ ಧೋತರದ ಮಡಿಕೆಯಿಂದ ಒಂದು ಅಡಕೊತ್ತು ತೆಗೆದು ಬೆಂಚಿನ ಮೇಲಿಟ್ಟ. ಅವನೇ ಮಾಡಿದ್ದು. ನಾನು ಬೆಂಚಿನಿಂದ ಎತ್ತಿಕೊಂಡೆ. ನಮ್ಮಲ್ಲಿ ಆಯುಧವನ್ನಾಗಲಿ ಹರಿತದ ಕಬ್ಬಿಣವನ್ನಾಗಲಿ ಕೈಯಿಂದ ಕೈಗೆ ಕೊಡುವುದಿಲ್ಲ. ಕೊಡುವವ ಕೆಳಗಿಡಬೇಕು, ತಗೊಳ್ಳುವವ ಕೆಳಗಿನಿಂದ ಎತ್ತಿಕೊಳ್ಳಬೇಕು. ಕೈಗೆ ಕೊಟ್ಟರೆ ಇಬ್ಬರ ನಡುವೆ ವೈರ ಹುಟ್ಟುತ್ತದೆ ಎನ್ನುತ್ತಾರೆ. ಕಂಬಾರರ ಮನೆಯಲ್ಲಿ ಇದನ್ನು ಯಾರೂ ಕಲಿಸುವುದಿಲ್ಲ, ನಡೆಯುವುದನ್ನು ಕಲಿತಂತೆ ಕಲಿತಿರುತ್ತೇವೆ.

"ಅಲ್ಲೆ ಅಡಕಿ ಸಿಗೂದಿಲ್ಲಪ್ಪ," ಅಂದೆ.

"ಇರ್ಲಿ. ಮೈಮ್ಯಾಲ ಕಬ್ಬಿಣ ಇದ್ರ ಹೆದರಿಕಿ ಹತ್ರ ಬರೂದಿಲ್ಲ."

ಮಾಸ್ಕೋದ ಸುಂಕದ ಮೇಜು

ಪೆಟ್ಟಿಗೆ ತಪಾಸು ಮಾಡುವ ಹುಡುಗು ಮುಖದ ಅಧಿಕಾರಿ ಶೇಂಗಾ ಹಿಂಡಿ ಚಟ್ನಿಪುಡಿಯ ಡಬ್ಬಿ ತೆರೆದು ಮೂಸಿದ. ಆಮೇಲೆ ಬಹಳ ಹೊತ್ತು ಸೀನಿದ. ಇಂಡಿಯ ಲಿಂಬಿಕಾಯಿ ಉಪ್ಪಿನಕಾಯಿಯ ಡಬ್ಬಿಯನ್ನು ತೆರೆಯದೆ ದೂರದಿಂದಲೇ ಪಾಸು ಮಾಡಿದ. ಅಡಕೊತ್ತು ಮಾತ್ರ ಅವನಿಗೆ ಸಂಶಯ ತಂದಿತು. ನನ್ನ ಕೈಯಲ್ಲಿದ್ದ ಅದಕ್ಕಾಗಿ ತನ್ನ ಕೈ ಚಾಚಿದ. ನಾನು ಮೇಜಿನ ಮೇಲಿಟ್ಟೆ. ಅವನು ಹುಬ್ಬು ಗಂಟಿಕ್ಕಿ ಅದನ್ನು ನನ್ನ ಕಡೆ ತಳ್ಳಿ, ಮತ್ತೆ ಕೈ ಚಾಚಿದ. ನಾನು ಎತ್ತಿ, ಮತ್ತೆ ಮೇಜಿನ ಮೇಲಿಟ್ಟೆ. ಹಿಂದೆ ಸಾಲಿನಲ್ಲಿ ನಿಂತವರು ಕೆಮ್ಮತೊಡಗಿದರು.

ಆರು ತಿಂಗಳು ಕಲಿತ ರಷ್ಯನ್ ಭಾಷೆಯಲ್ಲಿ ಕಾಯಿ ಕತ್ತರಿಸುವ ಸಾಮಾನು ಎಂದೆ. ಕಾಯಿ ಎಲ್ಲಿ ಎಂದ. ಕಾಯಿ ಇಲ್ಲ ಎಂದೆ. ಕಾಯಿ ಇಲ್ಲದೆ ಇದು ಯಾಕೆ ಎಂದ. ನಮ್ಮಪ್ಪ ಮಾಡಿದ್ದು ಎಂದೆ. ಅಲ್ಲಿಗೆ ಅವನ ಮುಖ ಸಡಿಲವಾಯಿತು. ತನ್ನ ಪೆನ್ಸಿಲ್ಲಿನ ತುದಿಯನ್ನು ಅದರಲ್ಲಿ ಕಚಕ್ ಎಂದು ಕತ್ತರಿಸಿ ನೋಡಿ ತಲೆದೂಗಿದ. ವಾಪಸು ಕೊಡುವಾಗ ನನ್ನಂತೆಯೇ ಮೆಲ್ಲಗೆ ಮೇಜಿನ ಮೇಲಿಟ್ಟು ಕೈ ಹಿಂದೆ ತೆಗೆದುಕೊಂಡ. ನಮ್ಮ ದೇಶದ ನಮಸ್ಕಾರ ಇದೇ ಇರಬೇಕು ಎಂದುಕೊಂಡನೋ ಏನೋ.

ಲೆನಿನ್‌ಗ್ರಾಡ್: ಪ್ರಯೋಗಶಾಲೆ

ಆ ಊರಿನಲ್ಲಿ ಯಾವ ಕಟ್ಟಡಕ್ಕೆ ಹೋದರೂ ಬಾಗಿಲಲ್ಲೇ ಕೋಟು ಕಳಚಿ ಒಬ್ಬ ಮುದುಕಿಗೆ ಒಪ್ಪಿಸಬೇಕು. ನನ್ನ ಕೋಟಿನ ಕೊರಳಿಗೆ ತೂಗುಹಾಕುವ ದಾರ ಇರಲಿಲ್ಲ. ನಾನು ತರಬೇತಿ ಪಡೆಯುತ್ತಿದ್ದ ಕಾರಖಾನೆಯ ಮುದುಕಿ ದಿನವೂ ಬೈಯುತ್ತಿದ್ದಳು. ನಾಲ್ಕನೆಯ ದಿನ ಬೈಯುತ್ತಲೇ ಸೂಜಿ ತೆಗೆದು ತಾನೇ ದಾರ ಹೊಲಿದಳು. ಬೈದುಕೊಂಡು ಉಪಕಾರ ಮಾಡುವ ಈ ಗುಣ ನಮ್ಮ ಕಡೆಯದೇ ಅನಿಸಿ, ಅಂದಿನಿಂದ ಆ ಊರು ನನಗೆ ಪರಕೀಯವೆನಿಸಲಿಲ್ಲ. ಅದಕ್ಕೇ ಅಲ್ಲಿಯವರ ಮಾತನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೆಯೇ ಕೇಳುತ್ತಿತ್ತು.

ಚಳಿ ಶುರುವಾದ ಮೇಲೆ ಒಂದು ದಿನ ಪ್ರಯೋಗಶಾಲೆಗೆ ಒಬ್ಬ ಮುದುಕ ಬಂದ. ಕುಳ್ಳ, ಬಿಳಿ ಮೀಸೆ, ಹೆಗಲ ಮೇಲೆ ಕಂಬಳಿಯಲ್ಲಿ ಸುತ್ತಿದ ಉದ್ದನೆಯ ಗಂಟು. ಹೆಸರು ಯೆಗೋರ್ ಮತ್ವೇವಿಚ್, ಸಿನಿಮಾ ಸ್ಟುಡಿಯೋ ಒಂದರಲ್ಲಿ ಆಯುಧಗಳ ಉಸ್ತುವಾರಿ. ಗಂಟು ಬಿಚ್ಚಿದರೆ ಒಂದು ಹಳೆಯ ಬಂದೂಕು. ಕುದುರೆ ಎನ್ನುವ ಕೊಕ್ಕೆಯ ಬಾಯಲ್ಲಿ ಚಕಮಕಿ ಕಲ್ಲು ಕಚ್ಚಿಸಿ ಕಿಡಿ ಹಾರಿಸುವ ಕಾಲದ್ದು.

"ಒಂದು ದೆವ್ವದ ಚಿತ್ರ ತೆಗಿಯಾಕತ್ತಾರ," ಅಂದ. "ಗುಂಡು ಹಾಕೂದಿಲ್ಲ, ಬರೇ ಮದ್ದು, ಮ್ಯಾಲ ಕಾಗದ. ಆದ್ರೂ ನಟ ಇದನ್ನ ಗಲ್ಲಕ್ಕ ಹಚ್ಚಿ ಹಿಡಿತಾನ. ನಳಿಕಿ ಬೆಸುಗಿ ಹೆಂಗೈತಿ ನೋಡಿ ಹೇಳ್ರಿ."

ಪ್ರಯೋಗಶಾಲೆಯ ಮುಖ್ಯಸ್ಥೆ ಆ ಕೆಲಸವನ್ನು ನನಗೆ ವಹಿಸಿದಳು. ನಳಿಕೆಯ ಬುಡದಲ್ಲಿ ಬೆರಳಗಲ ಜಾಗ ಉಜ್ಜಿ, ಆಮ್ಲ ಸವರಿ, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಸುರುಳಿ ಸುತ್ತಿದ ಪಟ್ಟಿಯ ಗೆರೆ ಮೇಲೆದ್ದು ಬಂತು. ಪಟ್ಟಿಯ ಅಂಚಿನ ಮೇಲೆ ಅಂಚು ಕೂತ ರೀತಿ, ಸುತ್ತಿಗೆಯ ಏಟಿನ ಅಂತರ, ಎಲ್ಲವೂ ಅಪ್ಪನದೇ. ಯಾವುದೋ ಕಾಲದ ಯಾವನೋ ರಷ್ಯದ ಕಂಬಾರ ನಮ್ಮ ಕುಲುಮೆಯಲ್ಲಿ ಕೂತು ಕಲಿತಿದ್ದನೇನೋ ಎಂಬಂತೆ. ಈ ಬೆಸುಗೆ ಇಷ್ಟು ಕಾಲ ನಿಂತಿದೆ. ಅಪ್ಪನದು ಒಂದು ದಿನವೂ ನಿಲ್ಲಲಿಲ್ಲ.

"ಗಟ್ಟಿ ಐತಿ," ಅಂದೆ. ಖಾತ್ರಿಗೆ ನಳಿಕೆಯನ್ನು ದಾರದಲ್ಲಿ ತೂಗುಬಿಟ್ಟು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದೆ. ಒಡಕಿಲ್ಲದ ಕಬ್ಬಿಣ ಗಂಟೆಯಂತೆ ನುಡಿಯಬೇಕು, ನುಡಿಯಿತು.

ಮುದುಕ ನಕ್ಕ. "ಇದನ್ನ ಯಾವ ಕಾಲೇಜಿನಾಗ ಕಲಿಸಿದ್ರೋ ಎಂಜಿನಿಯರ್?"

"ಅಪ್ಪನ ಕುಲುಮಿಯಾಗ್ರಿ."

ಅವನು ತನ್ನ ಡಬ್ಬಿಯಿಂದ ಕಪ್ಪು ಬ್ರೆಡ್ಡು ತೆಗೆದು ನನಗರ್ಧ ಕೊಟ್ಟ. ತಿಂದಾದ ಮೇಲೆ ಮೇಜಿನ ಮೇಲಿನ ಪುಡಿಯನ್ನು ಅಂಗೈಯಿಂದ ಒತ್ತಿ ಗುಡಿಸಿ, ಒಂದು ಚೂರೂ ಬಿಡದೆ ಬಾಯಿಗೆ ಹಾಕಿಕೊಂಡ. ಯುದ್ಧಕಾಲದಲ್ಲಿ ಆ ಊರನ್ನು ವೈರಿಗಳು ಮುತ್ತಿ ಉಪವಾಸ ಕೆಡವಿದ್ದನ್ನು ನಾನು ಓದಿದ್ದೆ. ರಾಶಿ ಮುಗಿದ ಕಣದಲ್ಲಿ ಒಂದೊಂದೇ ಜೋಳದ ಕಾಳು ಹೆಕ್ಕುವ ಅವ್ವನ ಬೆರಳು ಕಣ್ಣ ಮುಂದೆ ಬಂದವು.

ಆಯುಧದ ಕೋಣೆ

ರವಿವಾರ ನನ್ನನ್ನು ಸ್ಟುಡಿಯೋಕ್ಕೆ ಕರೆದ. ಅವನ ಕೋಣೆಯಲ್ಲಿ ನಾಲ್ಕೂ ಗೋಡೆಗೆ ಆಯುಧಗಳು. ದೆವ್ವದ ಸಿನಿಮಾಕ್ಕೆ ಆರಿಸಿದ್ದನ್ನು ಒಂದು ಕಡೆ ಹೊಂದಿಸಿದ್ದ. ಜೋಡಿ ಪಿಸ್ತೂಲು: ಒಂದು ಉಕ್ಕಿನದು, ಇನ್ನೊಂದು ಕಟ್ಟಿಗೆಗೆ ಬಣ್ಣ ಬಳಿದದ್ದು, ಬೀಳುವ ದೃಶ್ಯಕ್ಕೆ. ಬಾಗಿದ ಕತ್ತಿಗಳಲ್ಲೂ ಎರಡು ಜಾತಿ: ಹೊಡೆದಾಟಕ್ಕೆ ಹಗುರ ಅಲ್ಯೂಮಿನಿಯಂ, ಹತ್ತಿರದಿಂದ ತೋರಿಸಲು ನಿಜವಾದ ಉಕ್ಕು. ಆಳೆತ್ತರದ ಭರ್ಚಿ, ಹಂದಿ ತಿವಿಯುವ ಈಟಿ. ಹುಲ್ಲು ಕೊಯ್ಯುವ ಉದ್ದ ಕುಡಗೋಲನ್ನು ಹಿಡಿಕೆಗೆ ನೆಟ್ಟಗೆ ಕಟ್ಟಿ ಈಟಿಯಂತೆ ಮಾಡಿದ್ದರು. ಕಟ್ಟಿಗೆ ಕಡಿಯುವ ಕೊಡಲಿ. ಎಲ್ಲದರ ಕೊನೆಗೆ ಒಂದು ಬರೀ ಮರದ ಗೂಟ. ದೆವ್ವದ ಎದೆಗೆ ಹೊಡೆಯುವುದು ಅದನ್ನೇ ಅಂತೆ.

"ನಮ್ಮ ಕಡೆ ದೆವ್ವ ಕಬ್ಬಿಣಕ್ಕ ಹೆದರತಾವ್ರಿ," ಅಂದೆ.

"ನಮ್ಮವು ಕಟ್ಟಿಗಿಗೆ ಹೆದರತಾವ. ಕಬ್ಬಿಣ ನೋಡಿ ನೋಡಿ ಅವಕ್ಕ ರೂಢಿ ಆಗೈತಿ."

ಕಥೆಯನ್ನು ಅವನೇ ಹೇಳಿದ. ಸತ್ತ ಜಮೀನುದಾರನೊಬ್ಬ ದಿನವೂ ಸಂಜೆ ಮುಂದೆ ತನ್ನ ಹಿಟ್ಟಿನ ಗಿರಣಿಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಏನೂ ಮಾಡುವುದಿಲ್ಲ, ನಿಲ್ಲುತ್ತಾನೆ. ಊರವರು ಮನೆಯಲ್ಲಿದ್ದ ಆಯುಧಗಳನ್ನೆಲ್ಲ ಹೊರತೆಗೆಯುತ್ತಾರೆ.

ಆ ಕೋಣೆಗೆ ಒಂದು ನಿಯಮವಿತ್ತು. ಯಾವ ಆಯುಧವನ್ನೂ ನೆಲಕ್ಕಿಡುವಂತಿಲ್ಲ. ಕೈಯಿಂದ ಕೈಗೇ ಹೋಗಬೇಕು. ಕೊಡುವವ "ಕೊಟ್ಟೆ" ಅನ್ನಬೇಕು, ತಗೊಳ್ಳುವವ "ತಗೊಂಡೆ" ಅನ್ನಬೇಕು. ಹಾಗೆ ಅನ್ನುವವರೆಗೆ ಕೊಡುವವ ಕೈ ಬಿಡುವಂತಿಲ್ಲ. ನಮ್ಮದಕ್ಕೆ ಪೂರಾ ಉಲ್ಟಾ ಎಂದು ನನಗೆ ನಗು ಬಂತು. ಅವನು ಒಂದೊಂದನ್ನೇ ಕೊಟ್ಟ, ನಾನು ತಗೊಂಡೆ ತಗೊಂಡೆ ಎನ್ನುತ್ತಾ ಹಿಡಿದು ನೋಡಿದೆ. ಪ್ರತಿ ಸಲವೂ ಏನೋ ತಪ್ಪು ಮಾಡಿದಂತೆ ಅಂಗೈ ಜುಮ್ಮೆನ್ನುತ್ತಿತ್ತು.

ಬಾಗಿಲ ನೆತ್ತಿಯ ಮೇಲೆ ಒಂದು ಸಿಡಿದ ನಳಿಕೆ ತೂಗುಹಾಕಿದ್ದ. ತುದಿ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದುಕೊಂಡಿತ್ತು. ನಾನು ಅದನ್ನು ಒಮ್ಮೆ ನೋಡಿ ಕಣ್ಣು ಹೊರಳಿಸಿದೆ. ಅದು ಹೇಗಾಯಿತು ಎಂದು ಕೇಳಿದರೆ ಬೆಸುಗೆ ಬಿಟ್ಟಿತು ಎಂದುಬಿಟ್ಟಾನೆಂಬ ಅಂಜಿಕೆ.

ಹಿಮದಲ್ಲಿ ಗಿರಣಿ

ಶೂಟಿಂಗ್ ಊರ ಹೊರಗೆ, ಬರ್ಚ್ ಮರಗಳ ನಡುವಿನ ಬಯಲಿನಲ್ಲಿ. ನೋಡಲು ಯೆಗೋರ್ ನನ್ನನ್ನೂ ಕರೆದೊಯ್ದ. ಕಟ್ಟಿಗೆಯ ಗಿರಣಿಯ ಮುಂಭಾಗ ಮಾತ್ರ ಕಟ್ಟಿದ್ದರು, ಹಿಂದೆ ಬರೀ ಆಸರೆ ಕಂಬ. ಮಧ್ಯಾಹ್ನ ಮೂರಕ್ಕೆ ಆ ಸೀಮೆಯಲ್ಲಿ ಬೆಳಕು ಇಳಿಯತೊಡಗುತ್ತದೆ, ಇವರಿಗೆ ಬೇಕಾಗಿದ್ದುದು ಆ ಅರ್ಧ ಗಂಟೆ. ಮುಖಕ್ಕೆ ಸುಣ್ಣ ಬಳಿದಂತಿದ್ದ ಸತ್ತ ಜಮೀನುದಾರ ಸ್ಟೂಲಿನ ಮೇಲೆ ಕೂತು ಸೇಬು ತಿನ್ನುತ್ತಿದ್ದ. ಭರ್ಚಿ, ಕೊಡಲಿ ಹಿಡಿದ ಊರವರು ಕಾಲು ಬಡಿಯುತ್ತಾ ಚಳಿ ಓಡಿಸುತ್ತಿದ್ದರು.

ಯೆಗೋರ್ ಬಂದೂಕಿಗೆ ಮದ್ದು ಹಾಕಿ, ಕಾಗದ ಗಟ್ಟಿಸಿ ತಯಾರು ಮಾಡಿದ. ಅಷ್ಟರಲ್ಲಿ ಯಾರದೋ ಪಿಸ್ತೂಲಿನ ಕಲ್ಲು ಸಡಿಲಾಯಿತೆಂದು ಕೂಗಿದರು. ಯೆಗೋರ್ ಬಂದೂಕನ್ನು ನನ್ನತ್ತ ಚಾಚಿದ. "ಒಂದು ನಿಮಿಷ ಹಿಡಿ. ಕೊಟ್ಟೆ."

"ತಗೊಂಡೆ."

ಅವನು ಆ ಕಡೆ ಹೋದ. ನಿರ್ದೇಶಕ ಗಡಿಬಿಡಿಯಿಂದ ಕರೆದ. ಬಂದೂಕು ಹಾರಿಸಬೇಕಾದ ಗಡ್ಡದ ನಟ ನನ್ನ ಮುಂದೆ ಬಂದು ಎರಡೂ ಕೈ ಚಾಚಿದ.

ನನ್ನ ತಲೆ ಆಗ ಕೆಲಸ ಮಾಡಲಿಲ್ಲ, ಮೈ ಮಾಡಿತು. ಬಗ್ಗಿ, ಬಂದೂಕು ಭಾರವಾದ್ದರಿಂದ ಮೊದಲು ನಳಿಕೆಯ ಬಾಯಿಯನ್ನು ಹಿಮಕ್ಕೆ ಊರಿ, ಆಮೇಲೆ ಹಿಡಿಕೆಯ ಕಡೆ ಇಳಿಸಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಗಡ್ಡದವ ನನ್ನ ಮುಖ ನೋಡಿದ. ಬಂದೂಕು ನೋಡಿದ. ಎತ್ತಿಕೊಂಡು ಮೇಲಂಟಿದ ಹಿಮವನ್ನು ತೋಳಿನಿಂದ ಒರೆಸಿ ತನ್ನ ಜಾಗಕ್ಕೆ ಹೋದ. ಕ್ಯಾಮೆರಾ ತಿರುಗಿತು. ಅವನು ಬಂದೂಕನ್ನು ಗಲ್ಲಕ್ಕಾನಿಸಿದ.

"ನಿಲ್ಲಿಸ್ರಿ."

ಯೆಗೋರ್ ಓಡಿ ಬಂದು ನಳಿಕೆಯನ್ನು ಆಕಾಶಕ್ಕೆ ಮಾಡಿ ಕೈಗೆ ತಗೊಂಡ. ಬಾಯಿಯೊಳಗೆ ಬೆಳ್ಳಗೆ ಹಿಮ ಕೂತಿತ್ತು. ತಿರುಪಿನ ಸಲಾಕೆ ಹಾಕಿ ಎಳೆದ. ಬೆರಳುದ್ದದ ಹಿಮದ ಬಿರಡೆ ಇಡಿಯಾಗಿ ಹೊರಬಂತು.

"ಇದನ್ನ ನೆಲಕ್ಕಿಟ್ಟವ ಯಾರು?"

"ನಾನ್ರೀ."

"ನಾ ಏನ್ ಹೇಳಿದ್ನಿ ಕೋಣ್ಯಾಗ? ನಿಮ್ಮ ದೇಶದಾಗ ಎಂಜಿನಿಯರ್ ಆಗಾಕ ಕಿವಿ ಬೇಕಾಗಿಲ್ಲೇನು? ಇಂವ ಕುದುರಿ ಎಳದಿದ್ರ ನಳಿಕಿ ಹರಿದು ಇವನ ಮಾರಿಗೆ ಬರತಿತ್ತು. ಗುಂಡಿಲ್ಲ, ಖರೆ. ಬರೇ ಮದ್ದ ಸಾಕು."

ಎಲ್ಲರೂ ನಿಂತಲ್ಲೇ ನಿಂತಿದ್ದರು. ಅಂದಿನ ಬೆಳಕು ಹೋಯಿತು. ಸತ್ತ ಜಮೀನುದಾರ ಸೇಬಿನ ದಿಂಡು ಎಸೆದು, "ನಾ ಹೆಂಗೂ ಸತ್ತೇನಿ, ನನಗೇನೂ ಅವಸರಿಲ್ಲ," ಎಂದು ಟೊಪ್ಪಿಗೆ ಹಾಕಿಕೊಂಡ.

ಕೋಣೆಗೆ ಹಿಂದಿರುಗಿದ ಮೇಲೆ ಯೆಗೋರನಿಗೆ ನಮ್ಮ ಪದ್ಧತಿ ವಿವರಿಸಿದೆ. ಕಬ್ಬಿಣ ಕೈಗೆ ಕೊಟ್ಟರೆ ವೈರ, ಅದಕ್ಕೆ ಕೆಳಗಿಡುತ್ತೇವೆ ಎಂದೆ. ಅವನು ಕುರ್ಚಿ ಹತ್ತಿ ಬಾಗಿಲ ಮೇಲಿನ ಸಿಡಿದ ನಳಿಕೆಯನ್ನು ಇಳಿಸಿ, "ಕೊಟ್ಟೆ," ಅಂದ.

"ತಗೊಂಡೆ."

"ಬೆಸುಗಿ ಗೆರಿ ಹೆಂಗ ಹೋಗೈತಿ ನೋಡು."

ಸುರುಳಿಯಾಗಿ ಹೋಗಿತ್ತು.

"ಸೀಳು ಹೆಂಗ ಹೋಗೈತಿ?"

ನೆಟ್ಟಗೆ. ಬೆಸುಗೆಯ ಗೆರೆಗಳನ್ನು ಅಡ್ಡ ದಾಟಿಕೊಂಡು.

"ಬೆಸುಗಿ ಬಿಟ್ಟಿದ್ರ ಸುರುಳಿ ಹಿಡಿದು ಬಿಚ್ಚತಿತ್ತು. ಸೀಳಿನ ಬುಡದಾಗ ಬೆರಳಾಡಿಸು. ಬಳಿ ತೊಟ್ಟಂಗ ಉಬ್ಬೈತಿ, ಹೌದಿಲ್ಲೋ? ಬಾಯಿ ಮುಚ್ಚಿತ್ತು. ಹಿಮಾನೋ ಮಣ್ಣೋ. ಯಾರ ಕೈಯಾಗ ಮುಚ್ಚಿತು ಅಂತ ಕಡೀತನಕಾ ಗೊತ್ತಾಗ್ಲಿಲ್ಲ. ಇದನ್ನ ಹಾರಿಸಿ ಕಣ್ಣು ಕಳಕೊಂಡವನಿಗೆ ಉತ್ತರ ಕೊಡವರು ಯಾರೂ ಇರ್ಲಿಲ್ಲ. ಅವತ್ತಿಂದ ಈ ಕೊಟ್ಟೆ ತಗೊಂಡೆ ಹಚ್ಚೇನಿ."

ನಾನು ಆ ಉಬ್ಬಿನ ಮೇಲೆ ಬೆರಳಿಟ್ಟುಕೊಂಡು ಕೂತೆ. ನಮ್ಮೂರ ಅಗಸಿ ಕಣ್ಣಿಗೆ ಕಟ್ಟಿತು. ಆ ದಿನ ಬೆಳಿಗ್ಗೆ ಮಳೆಯಾಗಿತ್ತು. ಅಪ್ಪ ಕುಲುಮೆಯಲ್ಲೇ ಮದ್ದು, ಚರೆ ಹಾಕಿ ಗಟ್ಟಿಸಿ, ಬಂದೂಕನ್ನು ಗೋಣಿಯ ಮೇಲಿಟ್ಟ. ಅದನ್ನು ಎತ್ತಿಕೊಂಡು ಅಗಸಿಗೆ ಒಯ್ದವನು ನಾನು, ರಜೆಗೆ ಬಂದಿದ್ದ ಹೈಸ್ಕೂಲಿನ ವಿದ್ಯಾರ್ಥಿ. ಹುಸೇನಸಾಬ ಎರಡೂ ಕೈ ಚಾಚಿದ. ಊರೆಲ್ಲ ನೋಡುತ್ತಿತ್ತು. ಓದಲು ಹೋದವ ರೀತಿ ಮರೆತಿಲ್ಲ ಎಂದು ತೋರಿಸಬೇಕಿತ್ತು. ಬಗ್ಗಿ, ಮೊದಲು ನಳಿಕೆಯ ಬಾಯಿಯನ್ನು ಹಸಿ ಎರೆಮಣ್ಣಿಗೆ ಊರಿ, ಆಮೇಲೆ ಹಿಡಿಕೆ ಇಳಿಸಿ, ಎರಡು ಹೆಜ್ಜೆ ಹಿಂದೆ ಸರಿದೆ. ಹಿರಿಯರೊಬ್ಬರು, "ಕಂಬಾರರ ಮಗ ಅಂದ್ರ ಹಿಂಗಿರಬೇಕ ನೋಡ್ರಿ," ಅಂದರು. ಹುಸೇನಸಾಬ ನಳಿಕೆಯ ಹೊರಗಿನ ಮಣ್ಣನ್ನು ಹೆಗಲ ವಸ್ತ್ರದಿಂದ ಒರೆಸಿ ಮೇಲೆತ್ತಿದ. ಇದೆಲ್ಲವನ್ನೂ ಅಂದು ಯೆಗೋರನಿಗೆ ಹೇಳಿದೆ.

ಸಿನಿಮಾ ಹಾಲ್

ವಸಂತ ಬಂದು ನದಿಯ ಮಂಜುಗಡ್ಡೆ ಒಡೆದ ಮೇಲೆ ಚಿತ್ರ ತಯಾರಾಯಿತು. ಕೆಲಸ ಮಾಡಿದವರಿಗೆಲ್ಲ ಒಂದು ಮಧ್ಯಾಹ್ನ ತೋರಿಸಿದರು. ಯೆಗೋರ್ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡ. ಅವನು ಕಥೆ ನೋಡಲಿಲ್ಲ. ಪರದೆಯ ಮೇಲೆ ಒಂದೊಂದು ಆಯುಧ ಕೈ ಬದಲಾದಾಗಲೂ ಬಾಯೊಳಗೇ "ಕೊಟ್ಟೆ, ತಗೊಂಡೆ" ಎಂದು ಗೊಣಗುತ್ತಿದ್ದ. ನಾನು ಪರೀಕ್ಷೆ ಮಾಡಿದ ಬಂದೂಕು ನಾಲ್ಕು ಉಸಿರಿನಷ್ಟು ಹೊತ್ತು ಕಾಣಿಸಿತು. ಢಂ ಎಂದಿತು, ಹೊಗೆ ಎದ್ದಿತು. ಸತ್ತವ ಹಾಗೆಯೇ ನಿಂತಿದ್ದ.

ಭಯದ ಚಿತ್ರವೆಂದು ನಾನು ಭಯಪಡಲು ಸಿದ್ಧನಾಗಿ ಹೋಗಿದ್ದ ಜಾಗದಲ್ಲಿ ಭಯವಾಗಲಿಲ್ಲ. ಸುಣ್ಣದ ಮುಖದವ ಬಾಗಿಲಲ್ಲಿ ನಿಂತಿದ್ದಾಗ ಅವನ ಸೇಬು ನೆನಪಾಗುತ್ತಿತ್ತು. ಭಯವಾದದ್ದು ಊರವರು ಪೆಟ್ಟಿಗೆ ತೆರೆದು, ಚಿಂದಿ ಬಿಚ್ಚಿ ಆಯುಧ ಹೊರತೆಗೆಯುವಾಗ. ಹಿಡಿಯಲು ಬಾರದ ಕೈಗಳು, ಹೆದರಿದ ಕಣ್ಣುಗಳು. ಸತ್ತ ಜಮೀನುದಾರ ಕೊನೆಯವರೆಗೂ ಯಾರನ್ನೂ ಮುಟ್ಟುವುದಿಲ್ಲ. ಕತ್ತಲಲ್ಲಿ ಅಣ್ಣನ ಭರ್ಚಿ ತಮ್ಮನಿಗೆ ತಾಗುತ್ತದೆ, ಪಿಸ್ತೂಲು ಗಿರಣಿಯವನ ಮಗನನ್ನು ಕೆಡವುತ್ತದೆ.

ಗಡಿಯಾಚೆಯಿಂದ ನಮ್ಮೂರಿಗೂ ಗಲಾಟೆಯ ಆ ವರ್ಷ ದಾಳಿಗೆ ಯಾರೂ ಬರಲಿಲ್ಲ. ಬೇರೆ ಊರುಗಳಿಗೆ ಬಂದರು, ಅಲ್ಲಿ ಕೇಡೂ ಆಯಿತು, ಆ ಹೆದರಿಕೆ ಸುಳ್ಳಲ್ಲ. ಆದರೆ ನಮ್ಮೂರಲ್ಲಿ ಗಾಯವಾದದ್ದು ಒಬ್ಬನಿಗೇ, ಅದೂ ನಾವೇ ಮಾಡಿ ನಾವೇ ಕೊಟ್ಟ ಬಂದೂಕಿನಿಂದ.

ಹೊರಗೆ ಬಂದಾಗ ಯೆಗೋರ್ ಕೇಳಿದ, "ಅಪ್ಪಗ ಹೇಳ್ತಿಯೇನು?"

"ಬೆಸುಗಿ ಗಟ್ಟಿ ಇತ್ತು ಅಂತ ಹೇಳ್ತೇನಿ."

"ಅದು ಅರ್ಧ."

"ಗೊತ್ತೈತ್ರಿ."

ಊರು

ಮುದ್ದೇಬಿಹಾಳದಲ್ಲಿ ಬಸ್ಸಿಳಿದು, ಉಳಿದ ದಾರಿ ಚಕ್ಕಡಿಯಲ್ಲಿ ಕೂತು ಹೋದೆ. ಕುಲುಮೆಯಲ್ಲಿ ಎಲ್ಲ ಇದ್ದಂತೆಯೇ ಇತ್ತು. ಅಪ್ಪ ಕುಡಗೋಲು ಉಜ್ಜುತ್ತಿದ್ದ, ಹುಸೇನಸಾಬ ತಿದಿಯ ಬಳಿ ಕೂತಿದ್ದ, ಎಡಗೈ ಅಂಗಿಯ ಜೇಬಿನಲ್ಲಿ.

"ಬಂದ್ಯಾ ಸಾಹೇಬ? ಗಂಡಸರು ಏನ್ ಮಾಡ್ತಾರಪಾ ಅಲ್ಲೆ?"

"ಹೇಳ್ತೇನ್ರಿ ಕಾಕಾ," ಎಂದು ಚೀಲ ಇಳಿಸಿ, ನೇರ ಮನೆಯೊಳಗೆ ಹೋಗಿ ಅಟ್ಟ ಹತ್ತಿದೆ. ಗೋಣಿತಟ್ಟು ಗೆದ್ದಲು ತಿಂದು ಕೈಗೇ ಹರಿದು ಬಂತು. ನಳಿಕೆಯನ್ನು ಬೆಳಕಿಗೆ ತಂದು ನೋಡುವ ಮೊದಲೇ ಹೆಬ್ಬೆರಳಿಗೆ ಆ ಬಳೆಯಂಥ ಉಬ್ಬು ಸಿಕ್ಕಿತು.

ಕುಲುಮೆಗೆ ತಂದಾಗ ಅಪ್ಪ ಎದ್ದು ನಿಂತ. "ಅದನ್ನ ಯಾಕ ತಗದಿ? ಒಯ್ದು ಒಳಗ ಇಡು."

"ಬೆಸುಗಿ ಬಿಟ್ಟಿಲ್ಲಪ್ಪ. ನೋಡು. ಗೆರಿ ಹಿಂಗ ಹೋಗೈತಿ, ಸೀಳು ಹಿಂಗ ಹೋಗೈತಿ."

ಅಪ್ಪ ನೋಡಲಿಲ್ಲ. "ದೊಡ್ಡ ದೊಡ್ಡ ಬುಕ್ಕು ಓದಿ ಬಂದು ಅಪ್ಪಗ ಸಮಾಧಾನ ಹೇಳಾಕತ್ತಿ. ಬ್ಯಾಡ. ನನ್ನ ಕೈ ನನಗ ಗೊತ್ತೈತಿ."

ಅದು ಅರ್ಧ ಎಂದು ಯೆಗೋರ್ ಹೇಳಿದ್ದು ಇದಕ್ಕೇ. ಹಿಮ, ಗಿರಣಿ, ಗಡ್ಡದ ನಟ, ಬೆರಳುದ್ದದ ಬಿರಡೆ, ಆ ಕೋಣೆಯ ಕೊಟ್ಟೆ ತಗೊಂಡೆ, ಎಲ್ಲ ಹೇಳಿದೆ. ಆಮೇಲೆ ಅಗಸಿಯ ಹಸಿ ಎರೆಮಣ್ಣು ಹೇಳಿದೆ. "ಬಾಯಾಗ ಮಣ್ಣು ತುಂಬಿತ್ತಪ್ಪ. ತುಂಬಿದವ ನಾನು."

ತಿದಿ ನಿಂತಿತು. ಬೆಂಕಿ ಮಂಕಾಯಿತು. ಅಪ್ಪ ನನ್ನ ಮುಖವನ್ನು ನೋಡುತ್ತಲೇ ಇದ್ದ. ಸಮಾಧಾನಕ್ಕೆ ಸುಳ್ಳು ಹೇಳುವವ ಈ ಸುಳ್ಳು ಹೇಳುವುದಿಲ್ಲ ಎಂದು ಅವನಿಗೆ ತಿಳಿಯಿತು ಅನಿಸುತ್ತದೆ. ಕೂತು, ನಳಿಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಸುರುಳಿಯ ಗೆರೆಯ ಮೇಲೆ ಉಗುರು ಎಳೆಯುತ್ತಾ ಬುಡದಿಂದ ಸೀಳಿನವರೆಗೆ ಬಂದ. ಮತ್ತೆ ಬುಡಕ್ಕೆ ಹೋಗಿ ಮತ್ತೆ ಬಂದ.

"ಹಿಡದಿತ್ತು," ಅಂದ ಕೊನೆಗೆ. ಯಾರಿಗೂ ಹೇಳಿದ ಹಾಗಿರಲಿಲ್ಲ.

ನಾನು ಹುಸೇನಸಾಬನ ಕಡೆ ತಿರುಗಿದೆ. ಅವನು ಜೇಬಿನಿಂದ ಎಡಗೈ ತೆಗೆದು, ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳನ್ನು ತೆರೆದು ಮುಚ್ಚಿ ನೋಡಿಕೊಂಡ.

"ಅವತ್ತ ನನ್ನ ವಸ್ತ್ರಕ್ಕ ಮಣ್ಣು ಹತ್ತಿತ್ತು," ಅಂದ. "ಹೊರಗಿಂದು ಒರಸಿದ್ನಿ. ಒಳಗ ಇಣಿಕಿ ನೋಡ್ಲಿಲ್ಲ. ಬರೇ ನಿಂದ ಅಲ್ಲ ತಗಿ." ಆಮೇಲೆ ಅಪ್ಪನಿಗೆ ಹೇಳಿದ, "ಏ ಮೋನಪ್ಪ. ಇಷ್ಟು ವರ್ಷ ಬಾಜೂಕ ಕುಂತೀ, ಒಂದ ದಿನಾನೂ ಈ ಕೈ ನೋಡ್ಲಿಲ್ಲ ನೀ. ಈಗರ ನೋಡು."

ಅಪ್ಪ ನೋಡಿದ. ಬಹಳ ಹೊತ್ತು ನೋಡಿದ.

"ತಿದಿ ಒತ್ತು," ಅಂದ.

ಮೂಲೆಯಲ್ಲಿ ಹಿಡಿಕೆಯೊಳಗಿನ ಮೊಳೆ ಮುರಿದ, ಕಳೆ ತೆಗೆಯುವ ಒಂದು ಕುರ್ಪಿ ಬಿದ್ದಿತ್ತು. ಅಪ್ಪ ಎರಡೂ ತುಂಡನ್ನು ಬೆಂಕಿಗಿಟ್ಟ. ಬಿಳುಪಿಗೆ ಬರುವವರೆಗೆ ಕಾಯ್ದ, ಬೆಸುಗೆ ಹಿಡಿಯಲೆಂದು ಮಣ್ಣು ಉದುರಿಸಿದ, ಅಡಿಗಲ್ಲಿನ ಮೇಲೆ ಒಂದರ ಮೇಲೊಂದಿಟ್ಟು ಹೊಡೆದ. ಕೈ ಮೊದಲೆರಡು ಏಟು ತಡವರಿಸಿತು, ಆಮೇಲೆ ಹಳೆಯ ಲಯ ಹಿಡಿಯಿತು. ನೀರಿಗೆ ಅದ್ದಿ, ದಾರದಲ್ಲಿ ತೂಗುಬಿಟ್ಟು, ತಟ್ಟಿ, ಕಿವಿಗೊಟ್ಟು ಕೇಳಿದ. ನನಗೂ ಕೇಳಿಸಿತು.

ಅಡಿಗಲ್ಲಿನ ಮೇಲೆ ಇಟ್ಟ. ನಾನು ಎತ್ತಿಕೊಂಡೆ. ಹುಸೇನಸಾಬ ನೋಡಬೇಕೆಂದು ಎಡಗೈಯನ್ನೇ ಮುಂದೆ ಚಾಚಿದ. ನಾನು ಅವನ ಮುಂದೆ ಬಗ್ಗಿದೆ.

"ನೆಲಕ್ಕಿಡಬ್ಯಾಡ," ಅಂದ ಅಪ್ಪ. "ಅವನ ಕೈಯಾಗ ಕೊಡು."

ಎರಡು ಬೆರಳುಗಳ ನಡುವೆ ಕುರ್ಪಿಯನ್ನಿಟ್ಟೆ. ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ.

"ತಗೊಂಡ್ನಿ," ಅಂದ ಹುಸೇನಸಾಬ.